ಚಿಪ್ಸ್ ಮೇಲೆ ಏನು ಹಾಕ್ಲಿ?

ಕಳೆದ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಅಕ್ಕ ಲೀಡ್ಸ್‌ನಿಂದ ವಿಡಿಯೋ ಕಾಲ್ ಮಾಡಿದ್ಲು. ಅಲ್ಲಿ ಎಂ.ಎಸ್ಸಿ. ಸೇರಿ ಮೂರು ವಾರ ಆಗಿತ್ತಷ್ಟೆ. ಕಣ್ಣೆಲ್ಲಾ ಕೆಂಪಾಗಿತ್ತು. ಇಂಟರ್ನಲ್ಸ್‌ಗೆ ಓದ್ತಾ ಕೂತಿದ್ದ ನಾನು ಹೆದರಿಬಿಟ್ಟೆ. ಆಮೇಲೆ ವಿಷಯ ಗೊತ್ತಾಯ್ತು. ರೂಮಿನ ಹತ್ತಿರದ ಒಂದು ಅಂಗಡಿಯಲ್ಲಿ ಅವಳು ವಾರಕ್ಕೆ ಎರಡು ಸಲ ಚಿಪ್ಸ್ ತಿಂತಿದ್ಲು. ಆಲೂಗೆಡ್ಡೆ ತಾನೆ, ವೆಜ್ ತಾನೆ ಅಂತ. ಅವತ್ತು ಗೋಡೆ ಮೇಲಿದ್ದ ಬೋರ್ಡನ್ನು ಸರಿಯಾಗಿ ಓದಿದಾಳೆ. "ನಾವು ಕರಿಯೋದು ಬೀಫ್ ಡ್ರಿಪ್ಪಿಂಗ್‌ನಲ್ಲಿ ಮಾತ್ರ" ಅಂತ ಹೆಮ್ಮೆಯಿಂದ ಬರೆದಿತ್ತಂತೆ. ಡ್ರಿಪ್ಪಿಂಗ್ ಅಂದ್ರೆ ದನದ ಕೊಬ್ಬನ್ನು ಕರಗಿಸಿ, ಸೋಸಿ ಮಾಡೋ ಜಿಡ್ಡು.

ನಮ್ಮದು ಹಾಸನದ ಕಡೆ ಊರು. ಮನೇಲಿ ಮೊಟ್ಟೆ ಕೂಡ ತರಲ್ಲ. ಜೊತೆಗೆ ತಾತ ಬೆಳೆಯೋದೇ ಆಲೂಗೆಡ್ಡೆ! "ತಾತಂಗೆ ಹೇಳ್ಬೇಡ ಕಣೋ" ಅಂದ್ಲು. ನಾನು ಹೇಳಲಿಲ್ಲ. ಆದ್ರೆ ಅವತ್ತಿಂದ ಈ ಚಿಪ್ಸ್ ವಿಷಯ ತಲೆಯಲ್ಲಿ ಕೂತುಬಿಡ್ತು. ಓದ್ತಾ ಹೋದ ಹಾಗೆ ಇದೊಂದು ದೊಡ್ಡ ಕತೆ ಅಂತ ಗೊತ್ತಾಯ್ತು. ನಮ್ಮಲ್ಲಿ ಎಷ್ಟೋ ಜನ ಬಿ.ಇ. ಮುಗಿಸಿ ಬ್ರಿಟನ್‌ಗೆ ಹೋಗೋ ಪ್ಲ್ಯಾನ್‌ನಲ್ಲಿ ಇದೀರಲ್ಲ, ನಿಮಗೋಸ್ಕರ ಈ ಬರಹ.

ಮೊದಲು ಒಂದು ಕನ್ಫ್ಯೂಶನ್ ಕ್ಲಿಯರ್ ಮಾಡೋಣ

ಅಲ್ಲಿ ಚಿಪ್ಸ್ ಅಂದ್ರೆ ನಮ್ಮ ಬೇಕರಿಯ ಗರಿಗರಿ ಚಿಪ್ಸ್ ಅಲ್ಲ. ಅದಕ್ಕೆ ಅವರು ಕ್ರಿಸ್ಪ್ಸ್ ಅಂತಾರೆ. ಚಿಪ್ಸ್ ಅಂದ್ರೆ ನಮ್ಮ ಫಿಂಗರ್ ಚಿಪ್ಸ್, ಆದ್ರೆ ಇನ್ನೂ ದಪ್ಪ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ಜೊತೆ ಇದನ್ನು ಮಾರೋ ಅಂಗಡಿಗೆ ಇಂಗ್ಲೆಂಡಿನಲ್ಲಿ 'ಚಿಪ್ಪಿ' ಅಂತಾರೆ, ಐರ್ಲೆಂಡಿನಲ್ಲಿ 'ಚಿಪ್ಪರ್'.

ಕರಿದ ಮೀನನ್ನು ಇಂಗ್ಲೆಂಡಿಗೆ ತಂದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ಬಂದ ಯಹೂದಿಗಳು. ಅದಕ್ಕೆ ಆಲೂಗೆಡ್ಡೆ ಜೋಡಿಸಿದ ಮೊದಲ ಅಂಗಡಿ ಯಾವುದು ಅನ್ನೋದಕ್ಕೆ ಇಬ್ಬರ ಹೆಸರು ಕೇಳಿಬರುತ್ತೆ. ಲಂಡನ್‌ನ ಜೋಸೆಫ್ ಮಾಲಿನ್, ಸುಮಾರು 1860ರಲ್ಲಿ. ಲ್ಯಾಂಕಾಶೈರ್‌ನ ಮೋಸ್ಲಿ ಊರಿನ ಜಾನ್ ಲೀಸ್, ಸುಮಾರು 1863ರಲ್ಲಿ. ದಕ್ಷಿಣದವರು ಮಾಲಿನ್ ಅಂತಾರೆ, ಉತ್ತರದವರು ಲೀಸ್ ಅಂತಾರೆ. ಮೈಸೂರ್ ಪಾಕ್ ಯಾರದು ಅಂತ ನಾವು ಜಗಳ ಆಡೋ ಹಾಗೇನೆ!

ಆದ್ರೆ ಇದು ಇಡೀ ದೇಶದ ಊಟ ಆಗಿದ್ದು ಎಂಜಿನಿಯರಿಂಗ್‌ನಿಂದ. ಹಬೆಯಿಂದ ಓಡೋ ಮೀನುದೋಣಿಗಳು ದೂರದ ಸಮುದ್ರದಿಂದ ರಾಶಿ ರಾಶಿ ಮೀನು ತಂದವು. ರೈಲು ಅದನ್ನು ಐಸ್ ಜೊತೆ ಒಳನಾಡಿನ ಊರುಗಳಿಗೆ ಮುಟ್ಟಿಸಿತು. ಹತ್ತಿ ಮಿಲ್‌ಗಳಲ್ಲಿ ಹೆಂಗಸರೂ ಗಂಡಸರೂ ದಿನವಿಡೀ ದುಡಿದು ಮನೆಗೆ ಬಂದರೆ ಒಲೆ ಹಚ್ಚೋಕೆ ಯಾರಿಗೂ ತ್ರಾಣ ಇರ್ತಿರಲಿಲ್ಲ. ಬಿಸಿಬಿಸಿ, ಹೊಟ್ಟೆ ತುಂಬ, ಕಡಿಮೆ ಕಾಸಿಗೆ ಸಿಗ್ತಿದ್ದದ್ದು ಇದೊಂದೇ. 1920ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್‌ನಲ್ಲಿ ಸುಮಾರು 35,000 ಚಿಪ್ಪಿಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಾ ರೇಷನ್‌ಗೆ ಬಂದರೂ ಸರ್ಕಾರ ಫಿಶ್ ಆಂಡ್ ಚಿಪ್ಸ್‌ಗೆ ಮಾತ್ರ ರೇಷನ್ ಹಾಕಲಿಲ್ಲ.

ಊರಿಗೊಂದು ಟಾಪಿಂಗ್

ಈಗ ಅಸಲಿ ವಿಷಯ. ಮಂಡಕ್ಕಿ ಒಂದೇ ಆದರೂ ದಾವಣಗೆರೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿ, ಧಾರವಾಡದಲ್ಲಿ ಗಿರಮಿಟ್, ಮೈಸೂರಲ್ಲಿ ಚುರುಮುರಿ ಆಗುತ್ತಲ್ಲ, ಅಲ್ಲಿ ಚಿಪ್ಸ್ ಕತೆಯೂ ಹಾಗೆ. ಚಿಪ್ಸ್ ಒಂದೇ, ಮೇಲೆ ಬೀಳೋದು ಬೇರೆ ಬೇರೆ.

ಎಲ್ಲಾ ಕಡೆ ಕಾಮನ್ ಆಗಿರೋದು ಉಪ್ಪು ಮತ್ತು ವಿನೆಗರ್. ಇಲ್ಲೇ ಮೊದಲ ಗಡಿ ವಿವಾದ ಶುರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಉಪ್ಪು-ವಿನೆಗರ್ ಹಾಕಿದರೆ, ಅಲ್ಲಿಂದ ಒಂದು ಗಂಟೆ ರೈಲು ದಾರಿ ಇರೋ ಎಡಿನ್‌ಬರೋದಲ್ಲಿ 'ಸಾಲ್ಟ್ ಆಂಡ್ ಸಾಸ್' ಅಂತಾರೆ. ಈ ಸಾಸ್ ಅಂದ್ರೆ ಬ್ರೌನ್ ಸಾಸಿಗೆ ವಿನೆಗರ್ ಅಥವಾ ನೀರು ಬೆರೆಸಿ ತೆಳ್ಳಗೆ ಮಾಡಿದ್ದು. ಹೆಸರಾಂತ ಬ್ರೌನ್ ಸಾಸ್‌ಗಳಲ್ಲಿ ಏನೇನಿರುತ್ತೆ ಗೊತ್ತಾ? ಟೊಮೇಟೊ, ಖರ್ಜೂರ, ಕಾಕಂಬಿ, ಮತ್ತೆ ನಮ್ಮ ಹುಣಸೆಹಣ್ಣು! ಪಾನಿಪುರಿ ಗಾಡಿಯ ಸಿಹಿ ಚಟ್ನಿಯ ದೂರದ ನೆಂಟ ಅಂದ್ಕೊಳ್ಳಿ.

ಇಂಗ್ಲೆಂಡಿನ ಉತ್ತರ ಭಾಗಕ್ಕೆ ಬಂದರೆ ಚಿಪ್ಸ್ ಒದ್ದೆ ಆಗುತ್ತೆ. ಅಲ್ಲಿ ಚಿಪ್ಸ್ ಮೇಲೆ ಗ್ರೇವಿ ಸುರೀತಾರೆ. ದಕ್ಷಿಣದವರಿಗೆ ಇದನ್ನು ನೋಡಿದ್ರೇ ಆಶ್ಚರ್ಯ. ಇನ್ನೊಂದು ಮಶಿ ಪೀಸ್. ದಪ್ಪ ಒಣ ಬಟಾಣಿಯನ್ನು ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಮುದ್ದೆಯಾಗೋ ತನಕ ಬೇಯಿಸೋದು. ನಾಟಿಂಗ್‌ಹ್ಯಾಮ್‌ನಲ್ಲಿ ಅದಕ್ಕೆ ಪುದೀನ ಸಾಸ್ ಹಾಕ್ತಾರೆ. ವಿಗನ್ ಅನ್ನೋ ಊರಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಬಟಾಣಿ ಬೆಂದ ನೀರನ್ನೇ 'ಪೀ ವೆಟ್' ಅಂತ ಚಿಪ್ಸ್ ಮೇಲೆ ಹಾಕಿಸ್ಕೋತಾರೆ. ನಾವು ಕಾಳು ಬೇಯಿಸಿದ ನೀರು ಚೆಲ್ಲದೆ ಬಸ್ಸಾರು ಮಾಡಲ್ವಾ, ಅದೇ ಬುದ್ಧಿ.

ಯಾರ್ಕ್‌ಶೈರ್‌ನಲ್ಲಿ 'ಸ್ಕ್ರ್ಯಾಪ್ಸ್' ಕೇಳಬೇಕು. ಮೀನು ಕರಿಯುವಾಗ ಉದುರಿದ ಹಿಟ್ಟಿನ ಚೂರುಗಳು ಅವು. ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿ ಪ್ರದೇಶದಲ್ಲಿ ಚಿಪ್ಸ್‌ಗೇ ಬಣ್ಣದ ಹಿಟ್ಟು ಹಚ್ಚಿ ಕರೀತಾರೆ, ಅದಕ್ಕೆ 'ಆರೆಂಜ್ ಚಿಪ್ಸ್' ಅಂತಲೇ ಹೆಸರು. ನಮ್ಮ ಬಜ್ಜಿ ನೆನಪಾಯ್ತಾ? ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಚೀಸ್ ಮತ್ತು ಗ್ರೇವಿ ಎರಡೂ. ವೇಲ್ಸ್‌ನಲ್ಲಿ 'ಹಾಫ್ ಆಂಡ್ ಹಾಫ್' ಅಂದ್ರೆ ಅರ್ಧ ಅನ್ನ, ಅರ್ಧ ಚಿಪ್ಸ್, ಮೇಲೆ ಕರಿ. ಅನ್ನದ ಜೊತೆ ಆಲೂಗೆಡ್ಡೆ ಅಂದ್ರೆ ನಗೋರು ಅಲ್ಲಿಗೊಮ್ಮೆ ಹೋಗಿ ಬನ್ನಿ.

ಇಷ್ಟೊಂದು ವ್ಯತ್ಯಾಸ ಯಾಕೆ?

ನನಗೆ ಅನ್ನಿಸಿದ ಪ್ರಕಾರ ಮೂರು ಕಾರಣ ಇವೆ.

ಒಂದು, ಪಾತ್ರೆಯಲ್ಲಿ ಆಗಲೇ ಏನಿತ್ತು ಅನ್ನೋದು. ಗ್ರೇವಿ ಪೈಗೆ ಅಂತ ಇತ್ತು, ಬಟಾಣಿ ಮೀನಿಗೆ ಅಂತ ಇತ್ತು, ಉದುರಿದ ಹಿಟ್ಟು ಎಣ್ಣೆಯಲ್ಲೇ ಇತ್ತು. ಕಾಸಿಲ್ಲದ ಹುಡುಗರು "ಅದನ್ನೇ ಸ್ವಲ್ಪ ಹಾಕಿ" ಅಂತ ಕೇಳಿದ್ದು ಆಮೇಲೆ ಆ ಊರಿನ ರುಚಿ ಆಯ್ತು.

ಎರಡು, ಅಂಗಡಿ ನಡೆಸೋರು ಯಾರು ಅನ್ನೋದು. ಚಿಪ್ಪಿ ಅಂದ್ರೆ ಒಂದು ಕುಟುಂಬದ ಸಣ್ಣ ವ್ಯಾಪಾರ. ಹೊರಗಿನಿಂದ ಬಂದವರಿಗೆ ಶುರು ಮಾಡೋದು ಸುಲಭ. ಸ್ಕಾಟ್ಲೆಂಡ್, ಐರ್ಲೆಂಡ್‌ನಲ್ಲಿ ಇಟಲಿಯವರು ನಡೆಸಿದರು. ಇಪ್ಪತ್ತನೇ ಶತಮಾನದಲ್ಲಿ ಸೈಪ್ರಸ್‌ನ ಗ್ರೀಕರು, ಹಾಂಕಾಂಗ್ ಕಡೆಯ ಚೀನೀಯರು ಬಂದರು. ಚಿಪ್ಪಿಯ ಆ ಹಳದಿ, ಸ್ವಲ್ಪ ಸಿಹಿ ಕರಿ ಸಾಸ್ ಇದೆಯಲ್ಲ, ಅದನ್ನು ಚಿಪ್ಸ್ ಜೊತೆ ಹೆಚ್ಚು ಹಬ್ಬಿಸಿದ್ದು ನಮ್ಮವರಲ್ಲ, ಚೀನೀ ಅಂಗಡಿಗಳು! ಲಿವರ್‌ಪೂಲ್‌ನ 'ಸಾಲ್ಟ್ ಆಂಡ್ ಪೆಪ್ಪರ್ ಚಿಪ್ಸ್' ಕೂಡ ಅವರದೇ. ಮೆಣಸಿನಕಾಯಿ, ಈರುಳ್ಳಿ ಹಾಕಿ ಹುರಿದದ್ದು. ನಮ್ಮ ಗೋಬಿ ಮಂಚೂರಿ ಗಾಡಿಯ ವಾಸನೆ ಬರುತ್ತೆ ಅಂತಾಳೆ ಅಕ್ಕ.

ಮೂರು, ಹತ್ತಿರದಲ್ಲಿ ಏನು ಸಿಗುತ್ತೆ, ಊರಿನ ಇತಿಹಾಸ ಏನು ಅನ್ನೋದು. ಇದಕ್ಕೆ ಒಳ್ಳೆ ಉದಾಹರಣೆ ಹಲ್ ಅನ್ನೋ ಬಂದರು. ಅಲ್ಲಿನ ಟಾಪಿಂಗ್ 'ಚಿಪ್ ಸ್ಪೈಸ್', ಉಪ್ಪು ಮತ್ತು ಪ್ಯಾಪ್ರಿಕಾ ಬೆರೆಸಿದ ಕೆಂಪು ಪುಡಿ. 1970ರ ದಶಕದ ಕೊನೆಯಲ್ಲಿ ಶುರುವಾಗಿದ್ದು. ಅದು ಅಲ್ಲಿ ಪ್ರತಿ ಕೌಂಟರ್ ಮೇಲೂ ಇರುತ್ತೆ, ಆ ಭಾಗ ಬಿಟ್ಟು ದೂರ ಹೋದರೆ ಕೇಳಿದವರೇ ಕಡಿಮೆ. ಇದೇ ಹಲ್‌ನಿಂದ ದೋಣಿಗಳು ಐಸ್‌ಲ್ಯಾಂಡ್ ಸಮುದ್ರಕ್ಕೆ ಕಾಡ್ ಮೀನು ಹಿಡಿಯೋಕೆ ಹೋಗ್ತಿದ್ದವು. 1968ರ ಜನವರಿ-ಫೆಬ್ರವರಿಯಲ್ಲಿ ಕೆಲವೇ ವಾರಗಳಲ್ಲಿ ಮೂರು ದೋಣಿಗಳು ಮುಳುಗಿ 58 ಜನ ಸತ್ತರು. ಲಿಲಿಯನ್ ಬಿಲೊಕ್ಕಾ ಅನ್ನೋ ಹೆಂಗಸಿನ ಮುಂದಾಳತ್ವದಲ್ಲಿ ಮೀನುಗಾರರ ಮನೆಯ ಹೆಣ್ಣುಮಕ್ಕಳು ಹೋರಾಟಕ್ಕಿಳಿದರು. ಪ್ರತಿ ದೋಣಿಯಲ್ಲೂ ರೇಡಿಯೋ ಆಪರೇಟರ್ ಇರಬೇಕು ಅನ್ನೋದು ಅವರ ಒಂದು ಬೇಡಿಕೆ. ಸೇಫ್ಟಿ ಅಂದ್ರೆ ಎಕ್ಸಾಮ್‌ನಲ್ಲಿ ಐದು ಮಾರ್ಕ್ಸ್ ಪ್ರಶ್ನೆ ಅಂದ್ಕೊಂಡಿದ್ದ ನನಗೆ ಇದನ್ನು ಓದಿ ಸುಮ್ಮನಾಗೋ ಹಾಗಾಯ್ತು. ಒಂದು ಪ್ಲೇಟ್ ಮೀನಿನ ಹಿಂದೆ ಇಷ್ಟಿರುತ್ತೆ. 1976ರಲ್ಲಿ ಐಸ್‌ಲ್ಯಾಂಡ್ ತನ್ನ 200 ಮೈಲಿ ಸಮುದ್ರವನ್ನು ತನ್ನದಾಗಿಸಿಕೊಂಡ ಮೇಲೆ ಹಲ್‌ನ ದೂರಸಮುದ್ರದ ಮೀನುಗಾರಿಕೆ ಕುಸಿದುಬಿತ್ತು. ಚಿಪ್ಪಿಗಳು ಮಾತ್ರ ಉಳಿದವು.

ಸ್ವಲ್ಪ ಸೈನ್ಸ್, ಪ್ಲೀಸ್ ಸ್ಕ್ರೋಲ್ ಮಾಡ್ಬೇಡಿ

ಚಿಪ್ಪಿಯ ಚಿಪ್ಸ್ ಯಾಕೆ ದಪ್ಪ? ಚೌಕಾಕಾರದ ಉದ್ದ ಕಡ್ಡಿಗೆ ಮೇಲ್ಮೈ ಮತ್ತು ಗಾತ್ರದ ಅನುಪಾತ ಹತ್ತಿರಹತ್ತಿರ 4/a, ಇಲ್ಲಿ a ಅಂದ್ರೆ ದಪ್ಪ. 7 ಮಿ.ಮೀ. ಚಿಪ್ಸ್‌ಗೆ ಹೋಲಿಸಿದರೆ 14 ಮಿ.ಮೀ. ಚಿಪ್ಸ್‌ನಲ್ಲಿ ಈ ಅನುಪಾತ ಅರ್ಧ. ಎಣ್ಣೆ ಕೂರೋದು ಮೇಲ್ಮೈ ಹತ್ತಿರ. ಹಾಗಾಗಿ ದಪ್ಪ ಚಿಪ್ಸ್ ತೂಕಕ್ಕೆ ಹೋಲಿಸಿದರೆ ಕಡಿಮೆ ಎಣ್ಣೆ ಕುಡಿಯುತ್ತೆ. ಇನ್ನೊಂದು ಮಜಾ ವಿಷಯ: ಬಾಣಲೆಯಲ್ಲಿ ಇರುವಾಗ ಒಳಗಿನ ನೀರು ಹಬೆಯಾಗಿ ಹೊರಗೆ ತಳ್ಳುತ್ತಾ ಇರುತ್ತೆ, ಎಣ್ಣೆಗೆ ಒಳಗೆ ಬರೋಕೆ ಬಿಡಲ್ಲ. ಹೊರಗೆ ತೆಗೆದು ತಣ್ಣಗಾಗುವಾಗ ಹಬೆ ನೀರಾಗುತ್ತೆ, ಒಳಗೆ ಒತ್ತಡ ಇಳಿಯುತ್ತೆ, ಆಗ ಮೇಲಿದ್ದ ಎಣ್ಣೆಯನ್ನು ಎಳ್ಕೊಳ್ಳುತ್ತೆ. ತೆಗೆದ ತಕ್ಷಣ ಜಾಲರಿಯನ್ನು ಚೆನ್ನಾಗಿ ಕೊಡವಬೇಕು ಅನ್ನೋದು ಇದಕ್ಕೇ.

ಆಲೂಗೆಡ್ಡೆಯೂ ಮುಖ್ಯ. ಅಲ್ಲಿ ತುಂಬಾ ಬಳಸೋದು ಮ್ಯಾರಿಸ್ ಪೈಪರ್ ಅನ್ನೋ ತಳಿ, 1966ರಲ್ಲಿ ಬಂದಿದ್ದು. ಗೆಡ್ಡೆಯನ್ನು ತೀರಾ ತಣ್ಣಗಿನ ಜಾಗದಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತೆ, ಕರಿದಾಗ ಕಪ್ಪಾಗುತ್ತೆ. ಫ್ರಿಜ್‌ನಲ್ಲಿಟ್ಟ ಆಲೂಗೆಡ್ಡೆಯಿಂದ ಚಿಪ್ಸ್ ಮಾಡಿ ಬೈಸಿಕೊಂಡೋರು ಇದನ್ನು ಅಮ್ಮನಿಗೆ ಹೇಳಬಹುದು.

ಮತ್ತೆ ಆ ವಿನೆಗರ್? ಎಷ್ಟೋ ಚಿಪ್ಪಿಗಳಲ್ಲಿ ಅದು ನಿಜವಾದ ವಿನೆಗರ್ ಅಲ್ಲ. ಅಸಿಟಿಕ್ ಆಮ್ಲ, ನೀರು, ಕ್ಯಾರಮೆಲ್ ಬಣ್ಣ. ಹುದುಗಿಸಿ ಮಾಡಿದ್ದಲ್ಲವಾದ್ದರಿಂದ ಕಾನೂನಿನ ಪ್ರಕಾರ ವಿನೆಗರ್ ಅನ್ನೋ ಹಾಗಿಲ್ಲ, 'ನಾನ್-ಬ್ರೂಡ್ ಕಾಂಡಿಮೆಂಟ್' ಅಂತಲೇ ಮಾರಬೇಕು. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬಾಟಲಿಗೆ ಹತ್ತಿರದ ಸಂಬಂಧಿ.

ನಮ್ಮಂಥವರು ಏನು ಕೇಳಬೇಕು

ಈಗ ಡ್ರಿಪ್ಪಿಂಗ್‌ಗೆ ವಾಪಸ್ ಬರೋಣ. ಯಾರ್ಕ್‌ಶೈರ್ ಮತ್ತು ಸುತ್ತಮುತ್ತ ಬೀಫ್ ಡ್ರಿಪ್ಪಿಂಗ್ ಬಳಸೋದು ಹಳೇ ಸಂಪ್ರದಾಯ, ರುಚಿಗೆ ಅದೇ ಬೇಕು ಅಂತಾರೆ. ದಕ್ಷಿಣದಲ್ಲಿ ಸಾಮಾನ್ಯವಾಗಿ ಸಸ್ಯದ ಎಣ್ಣೆ. ಅಕ್ಕನ ಅಂಗಡಿಯವರು ಯಾವ ಮೋಸವನ್ನೂ ಮಾಡಿರಲಿಲ್ಲ, ಬೋರ್ಡ್ ಹಾಕಿದ್ದರು. ನಾವು 'ಆಲೂಗೆಡ್ಡೆ' ಅನ್ನೋ ಪದ ಕೇಳಿ ಉಳಿದಿದ್ದನ್ನು ನಾವೇ ಊಹಿಸ್ಕೊಂಡಿದ್ವಿ. ಅದಕ್ಕೇ ಸಸ್ಯಾಹಾರಿಗಳು ಮೂರು ಪ್ರಶ್ನೆ ಕೇಳಬೇಕು: ಯಾವುದರಲ್ಲಿ ಕರೀತೀರ? ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರೀತೀರಾ? ಗ್ರೇವಿ, ಕರಿ ಸಾಸ್‌ನಲ್ಲಿ ಮಾಂಸದ ಸಾರ ಇದೆಯಾ? ಕೇಳೋಕೆ ನಾಚಿಕೆ ಬೇಡ. ಅಲ್ಲಿನ ಸಸ್ಯಾಹಾರಿಗಳೂ ಇದನ್ನೇ ಕೇಳ್ತಾರೆ.

ಕೊನೆಗೆ ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಅಕ್ಕನೇ ಫೋನ್‌ನಲ್ಲಿ ತಾತನಿಗೆ ಹೇಳಿಬಿಟ್ಟಳು. ನಾನು ಸ್ಪೀಕರ್ ಹಿಡ್ಕೊಂಡು ನಿಂತಿದ್ದೆ, ಕೈ ಬೆವರ್ತಿತ್ತು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ದೆ ತಿಂದಿದ್ದು ಬಿಡವ್ವ. ಇನ್ಮೇಲೆ ಕೇಳಿ ತಿನ್ನು" ಅಂದ್ರು. ಆಮೇಲೆ "ಅಲ್ಲಿ ಗೆಡ್ಡೆಗೆ ಅಂಗಮಾರಿ ಬರಲ್ವಾ?" ಅಂತ ಕೇಳಿದ್ರು. ಬರುತ್ತೆ ತಾತ, ಅಂದೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಗೆ ಬಂದಿದ್ದು ಅದೇ ರೋಗ, ಆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು ಅಂದೆ. ಹಾಸನದ ಎಷ್ಟೋ ಹೊಲಗಳನ್ನು ಮಳೆಗಾಲದಲ್ಲಿ ಸುಟ್ಟ ಹಾಗೆ ಮಾಡೋ ರೋಗ ಅದು. ತಾತ ತಲೆ ಅಲ್ಲಾಡಿಸಿ, "ಹಂಗಾದ್ರೆ ಅವರೂ ನಮ್ಮಂಗೇ" ಅಂದ್ರು.

ಈಗ ಬ್ರಿಟನ್‌ನಲ್ಲಿ ಉಳಿದಿರೋ ಚಿಪ್ಪಿಗಳು ಹತ್ತು ಸಾವಿರ ಚಿಲ್ಲರೆ. ಉಕ್ರೇನ್ ಯುದ್ಧದ ನಂತರ ಎಣ್ಣೆ, ಮೀನು, ಕರೆಂಟ್ ಎಲ್ಲದರ ಬೆಲೆ ಏರಿ ಇನ್ನಷ್ಟು ಮುಚ್ಚಿದವು. ಒಂದು ಮುಚ್ಚಿದರೆ ಆ ಬೀದಿಯ ಟಾಪಿಂಗ್ ಕೂಡ ಹೋದ ಹಾಗೆ. ಯಾಕಂದ್ರೆ ದೊಡ್ಡ ಚೈನ್ ಅಂಗಡಿಗಳಲ್ಲಿ ಎಲ್ಲಾ ಊರಿಗೂ ಒಂದೇ ಮೆನು.

ಅಕ್ಕ ಈಗ ಸಸ್ಯದ ಎಣ್ಣೆ ಬಳಸೋ ಒಂದು ಚಿಪ್ಪಿ ಹುಡುಕ್ಕೊಂಡಿದಾಳೆ. ಬಸ್ಸಲ್ಲಿ ಇಪ್ಪತ್ತು ನಿಮಿಷ. ಜೊತೆಗೆ ಹಲ್‌ಗೆ ಹೋದಾಗ ತಂದ ಚಿಪ್ ಸ್ಪೈಸ್ ಡಬ್ಬಿಯೂ ಇದೆ, ಉಪ್ಪಿಟ್ಟಿನ ಮೇಲೂ ಉದುರಿಸ್ತಾಳಂತೆ. ಬರುವಾಗ ನಂಗೂ ಒಂದು ಡಬ್ಬಿ ತಾ ಅಂದಿದೀನಿ. ಹಾಸ್ಟೆಲ್ ಮೆಸ್‌ನ ಆಲೂಗೆಡ್ಡೆ ಪಲ್ಯದ ಮೇಲೆ ಟ್ರೈ ಮಾಡಿ, ಮುಂದಿನ ಸಂಚಿಕೆಯಲ್ಲಿ ರಿಸಲ್ಟ್ ಬರೀತೀನಿ.