ಅಮೆರಿಕದಲ್ಲಿ ಇದ್ದುಕೊಂಡೇ ಕೆನಡಾ ಪಿಆರ್: ಬನ್ನಿ, ಲೆಕ್ಕ ಹಾಕಿ ನೋಡೋಣ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರೋರಿಗೆ, ಅವರ ಮನೆಯವರಿಗೆ, ಮತ್ತೆ ಊರಲ್ಲಿ ಕೂತು "ಅವನ ಗ್ರೀನ್ ಕಾರ್ಡ್ ಯಾವಾಗ ಬರುತ್ತಂತೆ?" ಅಂತ ಕೇಳ್ತಾ ಇರೋ ಅಪ್ಪ-ಅಮ್ಮಂದಿರಿಗೆ. ಅಮೆರಿಕದಲ್ಲಿ ಕೆಲಸ ಮಾಡ್ತಾನೇ ಕೆನಡಾದ ಪರ್ಮನೆಂಟ್ ರೆಸಿಡೆಂಟ್, ಅಂದ್ರೆ ಪಿಆರ್, ಆಗಬಹುದಾ? ಆಗಬಹುದು. ಆದ್ರೆ ಐದಾರು ವರ್ಷದ ಹಿಂದೆ ಇದ್ದಷ್ಟು ಸುಲಭ ಈಗಿಲ್ಲ. ಎಷ್ಟು ಕಷ್ಟ, ಯಾರಿಗೆ ಕಷ್ಟ ಅನ್ನೋದೇ ಇವತ್ತಿನ ಮಾತು.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಕಾಮರ್ಸ್ ಓದಿದವನು. ಹಾಗಾಗಿ ಭಾವನೆಗಿಂತ ಮೊದಲು ಲೆಕ್ಕ ನೋಡ್ತೀನಿ.

ಯಾಕೆ ಈ ಯೋಚನೆ ಬರುತ್ತೆ?

ಅಮೆರಿಕ ವರ್ಷಕ್ಕೆ ಕೊಡೋ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ಸುಮಾರು 1,40,000. ಇದರಲ್ಲಿ ಉದ್ಯೋಗಿಯ ಹೆಂಡತಿ ಅಥವಾ ಗಂಡ, ಮಕ್ಕಳೂ ಸೇರ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ಐಸ್‌ಲ್ಯಾಂಡ್‌ಗೂ ಶೇ 7, ಭಾರತಕ್ಕೂ ಶೇ 7. ಪರಿಣಾಮ ಏನು ಅಂದ್ರೆ, 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಇಬಿ-2 ಸಾಲು ಇನ್ನೂ 2012–13ರ ಅರ್ಜಿಗಳ ಹತ್ತಿರವೇ ಇತ್ತು.

ಕಾಯೋದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟಗಳು ಎರಡಿವೆ. ಒಂದು, ಕೆಲಸ ಹೋದ್ರೆ ಹೊಸ ಕಂಪನಿ ಹುಡುಕೋಕೆ ಅಥವಾ ದೇಶ ಬಿಡೋಕೆ ಹೆಚ್ಚಂದ್ರೆ 60 ದಿನ. ಎರಡು, ಭಾರತದಲ್ಲಿ ಹುಟ್ಟಿ, ಎರಡು ವರ್ಷದವರಿದ್ದಾಗ ಅಲ್ಲಿಗೆ ಹೋದ ಮಕ್ಕಳು 21 ತುಂಬಿದ ತಕ್ಷಣ ಎಚ್-4ನಿಂದ ಆಚೆ ಬೀಳ್ತಾರೆ. ಬೆಳೆದ ಊರಲ್ಲೇ ಅವರು ವಿದೇಶಿ ವಿದ್ಯಾರ್ಥಿ ಆಗಬೇಕು, ಇಲ್ಲ ಹೊರಡಬೇಕು.

ಕೆನಡಾದಲ್ಲಿ ಈ ಎರಡೂ ಬೇರೆ ಥರ. ಪಿಆರ್ ಆದವರಿಗೆ ಕೆಲಸ ಹೋದ್ರೂ ಪಿಆರ್ ಹೋಗಲ್ಲ. ಗಂಡ ಹೆಂಡತಿ ಇಬ್ಬರಿಗೂ ಮೊದಲ ದಿನದಿಂದಲೇ ಯಾರ ಹತ್ತಿರ ಬೇಕಾದ್ರೂ ಕೆಲಸ ಮಾಡೋ ಹಕ್ಕು. ಮದುವೆಯಾಗದ ಮಕ್ಕಳು 22ಕ್ಕಿಂತ ಚಿಕ್ಕವರಾಗಿದ್ರೆ ಸಾಕು. ಅದೂ ಪೂರ್ತಿ ಅರ್ಜಿ ಅವರ ಕೈ ಸೇರಿದ ದಿನದ ವಯಸ್ಸೇ ಲೆಕ್ಕ. ಆಮೇಲೆ ಪ್ರೊಸೆಸಿಂಗ್ ತಡವಾದ್ರೂ ಮಗು ಕೈತಪ್ಪಲ್ಲ.

ಎಕ್ಸ್‌ಪ್ರೆಸ್ ಎಂಟ್ರಿ ಅಂದ್ರೆ ಸಾಲಲ್ಲ, ಮೆರಿಟ್ ಲಿಸ್ಟ್

ಕೆನಡಾ 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಶುರು ಮಾಡ್ತು. ನಮ್ಮ ಸಿಇಟಿ ರ‍್ಯಾಂಕ್ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಹಾಗೇ. ಮೊದಲು ಬಂದವರಿಗೆ ಮೊದಲು ಅನ್ನೋದಿಲ್ಲ. ನೀವು ಆನ್‌ಲೈನ್‌ನಲ್ಲಿ ಪ್ರೊಫೈಲ್ ಹಾಕ್ತೀರಿ, 1,200ಕ್ಕೆ ಅಂಕ ಬರುತ್ತೆ. ಇದಕ್ಕೆ ಸಿಆರ್‌ಎಸ್ ಅಂತಾರೆ. ಆಗಾಗ ಡ್ರಾ ಆಗುತ್ತೆ, ಕಟ್‌ಆಫ್‌ಗಿಂತ ಮೇಲಿದ್ರೆ ಆಹ್ವಾನ ಬರುತ್ತೆ. ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಹಾಕೋಕೆ 60 ದಿನ. ಪ್ರೊಫೈಲ್‌ಗೆ 12 ತಿಂಗಳ ಆಯಸ್ಸು.

ಅಮೆರಿಕದಲ್ಲಿರೋ ನಮ್ಮವರು ಹೆಚ್ಚಾಗಿ ಬರೋದು ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನೋ ದಾರಿಯಲ್ಲಿ. ಕನಿಷ್ಠ ಒಂದು ವರ್ಷದ ನಿರಂತರ ಕುಶಲ ಕೆಲಸದ ಅನುಭವ, ನಿಗದಿತ ಮಟ್ಟದ ಇಂಗ್ಲಿಷ್, 100ಕ್ಕೆ 67 ಅಂಕದ ಬೇರೆ ಒಂದು ಅರ್ಹತಾ ಪಟ್ಟಿ. ಇದನ್ನ ದಾಟೋದು ನಮ್ಮ ಎಂಜಿನಿಯರುಗಳಿಗೆ ಕಷ್ಟ ಅಲ್ಲ. ಕಷ್ಟ ಇರೋದು ಸಿಆರ್‌ಎಸ್‌ನಲ್ಲಿ. ಇನ್ನೊಂದು ವಿಷಯ, ಕ್ವಿಬೆಕ್ ಪ್ರಾಂತ್ಯದ್ದು ಬೇರೆಯದೇ ವ್ಯವಸ್ಥೆ. ಮಾಂಟ್ರಿಯಲ್ ಮೇಲೆ ಕಣ್ಣಿದ್ರೆ ಅದನ್ನ ಪ್ರತ್ಯೇಕವಾಗಿ ನೋಡಬೇಕು.

ವಯಸ್ಸು ತಿನ್ನೋ ಅಂಕ

ಒಂದು ಉದಾಹರಣೆ ತಗೊಳ್ಳೋಣ. ಮದುವೆಯಾಗಿಲ್ಲ, ಅಮೆರಿಕದಲ್ಲಿ ಎಂ.ಎಸ್., ಮೂರು ವರ್ಷಕ್ಕಿಂತ ಹೆಚ್ಚು ಅನುಭವ, ಇಂಗ್ಲಿಷ್‌ನಲ್ಲಿ ಪೂರ್ತಿ ಅಂಕ. ವಯಸ್ಸು 29.

ವಯಸ್ಸಿಗೆ 110. ಮಾಸ್ಟರ್ಸ್‌ಗೆ 135. ಇಂಗ್ಲಿಷ್‌ಗೆ 136. ಓದು ಮತ್ತು ಇಂಗ್ಲಿಷ್ ಎರಡೂ ಚೆನ್ನಾಗಿರೋದಕ್ಕೆ 50. ವಿದೇಶಿ ಅನುಭವ ಮತ್ತು ಇಂಗ್ಲಿಷ್ ಸೇರಿದ್ದಕ್ಕೆ ಇನ್ನೊಂದು 50. ಒಟ್ಟು 481.

ಇದೇ ವ್ಯಕ್ತಿಗೆ 35 ಆದ್ರೆ ವಯಸ್ಸಿನ ಅಂಕ 77, ಒಟ್ಟು 448. ನಲವತ್ತಾದ್ರೆ ವಯಸ್ಸಿಗೆ 50, ಒಟ್ಟು 421. ನಲವತ್ತೈದಕ್ಕೆ ವಯಸ್ಸಿನ ಅಂಕ ಸೊನ್ನೆ.

ಈಗ ಇನ್ನೊಂದು ಕಡೆ ನೋಡಿ. 2025ರಲ್ಲಿ ಕೆನಡಾದಲ್ಲೇ ಅನುಭವ ಇದ್ದವರಿಗೆ ನಡೆದ ಡ್ರಾಗಳ ಕಟ್‌ಆಫ್ 500 ದಾಟಿಯೇ ಇತ್ತು. ಯಾರು ಬೇಕಾದ್ರೂ ಆಯ್ಕೆ ಆಗಬಹುದಾದ ಸಾಮಾನ್ಯ ಡ್ರಾ 2024ರ ಏಪ್ರಿಲ್ ಆದ್ಮೇಲೆ ಆ ವರ್ಷವೂ ನಡೀಲಿಲ್ಲ, 2025ರಲ್ಲೂ ನಡೀಲಿಲ್ಲ. ಮೊದಲು ಕೆನಡಾ ಕಂಪನಿಯ ಆಫರ್ ಲೆಟರ್‌ಗೆ 50 ಅಥವಾ 200 ಅಂಕ ಸಿಗ್ತಿತ್ತು. 2025ರ ಮಾರ್ಚ್ 25ರಿಂದ ಅದನ್ನೂ ತೆಗೆದುಹಾಕಿದ್ದಾರೆ. 2025ಕ್ಕೆ ಮೊದಲು 5 ಲಕ್ಷ ಅಂತಿದ್ದ ಪಿಆರ್ ಗುರಿಯನ್ನ 3,95,000ಕ್ಕೆ ಇಳಿಸಿದ್ರು. 2026ಕ್ಕೆ 3,80,000.

ಅಂದ್ರೆ "ಅಮೆರಿಕ ಆಗಲಿಲ್ಲ ಅಂದ್ರೆ ಕೆನಡಾ ಇದ್ದೇ ಇದೆ" ಅನ್ನೋ ಮಾತು ಈಗ ನಡೆಯಲ್ಲ. ಗ್ರೀನ್ ಕಾರ್ಡ್ ಸಾಲಲ್ಲಿ ಹತ್ತು ವರ್ಷ ಕಾದು ಆಮೇಲೆ ಕೆನಡಾ ನೋಡೋಣ ಅಂದುಕೊಂಡವರಿಗೆ, ಆ ಹತ್ತು ವರ್ಷವೇ ಅಂಕ ತಿಂದು ಹಾಕಿರುತ್ತೆ.

ಹಾಗಾದ್ರೆ ಬಾಗಿಲು ಎಲ್ಲಿ ತೆರೆದಿದೆ?

ಮೊದಲನೇದು ಫ್ರೆಂಚ್. ನಗಬೇಡಿ, ಇದು ನಿಜವಾಗಿಯೂ ದೊಡ್ಡ ದಾರಿ. ಫ್ರೆಂಚ್‌ನಲ್ಲಿ ಓದು, ಬರಹ, ಕೇಳುವಿಕೆ, ಮಾತು ನಾಲ್ಕರಲ್ಲೂ ಅವರ 7ನೇ ಮಟ್ಟ ಮುಟ್ಟಿದ್ರೆ ನಮ್ಮ 35ರ ವ್ಯಕ್ತಿಗೆ 62 ಅಂಕ ಸೇರುತ್ತೆ. 448 ಹೋಗಿ 510. ಅದಕ್ಕಿಂತ ಮುಖ್ಯ, ಫ್ರೆಂಚ್ ಬಲ್ಲವರಿಗೇ ಬೇರೆ ಡ್ರಾ ಇದೆ. 2025ರ ಮಾರ್ಚ್‌ನಲ್ಲಿ ಅದರ ಕಟ್‌ಆಫ್ 379ಕ್ಕೆ ಇಳಿದಿತ್ತು. ಆದ್ರೆ ಆ ಮಟ್ಟ ತಲುಪೋದು ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಹತ್ತು ನಿಮಿಷ ಆಡಿದ್ರೆ ಆಗೋ ಕೆಲಸ ಅಲ್ಲ. ಕ್ಲಾಸ್, ಮೇಷ್ಟ್ರು, ದಿನಾ ಅಭ್ಯಾಸ ಎಲ್ಲಾ ಬೇಕು.

ಎರಡನೇದು ಪ್ರಾಂತ್ಯದ ನಾಮಿನೇಷನ್. ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ ಥರದ ಪ್ರಾಂತ್ಯವೊಂದು ನಿಮ್ಮನ್ನ ಆರಿಸಿದ್ರೆ ಒಂದೇ ಏಟಿಗೆ 600 ಅಂಕ. ಬಹುತೇಕ ಪ್ರಾಂತ್ಯಗಳು ಅಲ್ಲಿನ ಕೆಲಸ ಅಥವಾ ನಂಟು ಇರೋರನ್ನೇ ಮೊದಲು ನೋಡ್ತವೆ ಅನ್ನೋದು ನೆನಪಿರಲಿ.

ಮೂರನೇದು ವೃತ್ತಿವಾರು ಡ್ರಾ. 2023ರಿಂದ ಆರೋಗ್ಯ ಸೇವೆ, ಕುಶಲ ಕಸುಬು ಥರದ ಕ್ಷೇತ್ರಗಳಿಗೆ ಬೇರೆ ಸುತ್ತು ನಡೀತಿದೆ. ನೀವು ಸಾಫ್ಟ್‌ವೇರ್, ನಿಮ್ಮ ಹೆಂಡತಿ ನರ್ಸ್ ಅಂತ ಇಟ್ಟುಕೊಳ್ಳಿ. ಆಗ ಮುಖ್ಯ ಅರ್ಜಿದಾರರು ಅವರಾಗೋದೇ ಜಾಣತನ. ಎಚ್-1ಬಿ ಯಾರ ಹೆಸರಲ್ಲಿದೆ ಅನ್ನೋದು ಕೆನಡಾಕ್ಕೆ ಬೇಕಾಗಿಲ್ಲ. ಇಬ್ಬರ ಅಂಕವನ್ನೂ ಎರಡೂ ರೀತಿ ಹಾಕಿ ನೋಡಿ.

ನಾಲ್ಕನೇದು, ಮೊದಲು ವರ್ಕ್ ಪರ್ಮಿಟ್ ಮೇಲೆ ಹೋಗಿ ಆಮೇಲೆ ಪಿಆರ್. ನಿಮ್ಮ ಕಂಪನಿಗೆ ವ್ಯಾಂಕೂವರ್, ಟೊರೊಂಟೊದಲ್ಲಿ ಆಫೀಸ್ ಇದ್ರೆ ಒಳವರ್ಗಾವಣೆ ಕೇಳಬಹುದು. ಅಲ್ಲಿ ಒಂದು ವರ್ಷ ಕುಶಲ ಕೆಲಸ ಮಾಡಿದ್ರೆ 40 ಅಂಕ ಸೇರುತ್ತೆ, ಜೊತೆಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಡ್ರಾಗಳ ಬಾಗಿಲೂ ತೆರೆಯುತ್ತೆ. ಆದ್ರೆ ಅದು ಮತ್ತೆ ತಾತ್ಕಾಲಿಕ ಪರ್ಮಿಟ್ ಅನ್ನೋದನ್ನ ಮರೀಬೇಡಿ.

ಎಚ್-1ಬಿ ಇದ್ದವರಿಗೇ ಅಂತ ಕೆನಡಾ 2023ರ ಜುಲೈ 16ರಂದು 10,000 ಓಪನ್ ವರ್ಕ್ ಪರ್ಮಿಟ್ ಇಟ್ಟಿತ್ತು. ಎರಡೇ ದಿನದಲ್ಲಿ ಮುಗಿದುಹೋಯ್ತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ, ನವೆಂಬರ್‌ನ ಕೆನಡಾ ಬಜೆಟ್‌ನಲ್ಲಿ ಎಚ್-1ಬಿ ಇದ್ದವರಿಗೆ ವೇಗದ ದಾರಿ ಮಾಡ್ತೀವಿ ಅಂತ ಹೇಳಿದ್ರು. ಇಂಥದ್ದು ತೆರೆದಾಗ ಐಇಎಲ್‌ಟಿಎಸ್ ಬುಕ್ ಮಾಡ್ತಾ ಕೂತ್ರೆ ಆಗಲ್ಲ. ಕಾಗದಪತ್ರ ರೆಡಿ ಇರಬೇಕು.

ಯಾವ ಕಾಗದಪತ್ರ?

ಇಂಗ್ಲಿಷ್ ಪರೀಕ್ಷೆ ಬೇಕೇ ಬೇಕು. ಅಮೆರಿಕದಲ್ಲಿ ಹತ್ತು ವರ್ಷ ಇದ್ರೂ ವಿನಾಯಿತಿ ಇಲ್ಲ. ಐಇಎಲ್‌ಟಿಎಸ್ ಜನರಲ್, ಸೆಲ್ಪಿಪ್, ಪಿಟಿಇ ಕೋರ್ ಯಾವುದಾದ್ರೂ ಸರಿ. ಫಲಿತಾಂಶಕ್ಕೆ ಎರಡು ವರ್ಷ ಬೆಲೆ.

ಡಿಗ್ರಿ ಮೌಲ್ಯಮಾಪನ, ಅಂದ್ರೆ ಇಸಿಎ. ಅಮೆರಿಕದ ಡಿಗ್ರಿಗೂ ಬೇಕು, ವಿಟಿಯು ಡಿಗ್ರಿಗೂ ಬೇಕು. ಐದು ವರ್ಷ ನಡೆಯುತ್ತೆ.

ಪೊಲೀಸ್ ಸರ್ಟಿಫಿಕೇಟ್. ಕಳೆದ ಹತ್ತು ವರ್ಷದಲ್ಲಿ ಸತತ ಆರು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ್ದು. ಅಮೆರಿಕಕ್ಕೆ ಎಫ್‌ಬಿಐ ದಾಖಲೆ, ಭಾರತದ್ದಾದ್ರೆ ಕಾನ್ಸುಲೇಟ್ ಮೂಲಕ ಪಿಸಿಸಿ.

ಇನ್ನು ಎಲ್ಲರೂ ಕೊನೆಗೆ ಒದ್ದಾಡೋದು ಅನುಭವ ಪತ್ರಕ್ಕೆ. ಹುದ್ದೆ, ತಾರೀಕು, ವಾರಕ್ಕೆ ಎಷ್ಟು ಗಂಟೆ, ಸಂಬಳ, ಏನೇನು ಕೆಲಸ ಮಾಡ್ತಿದ್ರಿ, ಎಲ್ಲಾ ಇರಬೇಕು. ಬೆಂಗಳೂರಲ್ಲಿ ಏಳು ವರ್ಷದ ಹಿಂದೆ ಬಿಟ್ಟ ಕಂಪನಿಯ ರಿಲೀವಿಂಗ್ ಲೆಟರ್‌ನಲ್ಲಿ ಇದ್ಯಾವುದೂ ಇರಲ್ಲ. ಇವತ್ತೇ ಹಳೇ ಎಚ್‌ಆರ್‌ಗೆ ಮೇಲ್ ಹಾಕಿ. ಯಾರೋ ಏಜೆಂಟ್ "ನಾನು ಲೆಟರ್ ಮಾಡಿಸಿಕೊಡ್ತೀನಿ" ಅಂದ್ರೆ ಅಲ್ಲೇ ಕೈಮುಗಿದು ಬಂದುಬಿಡಿ. ಸುಳ್ಳು ದಾಖಲೆ ಸಿಕ್ಕಿಬಿದ್ರೆ ಐದು ವರ್ಷ ನಿಷೇಧ.

ಖರ್ಚು ಎಷ್ಟು?

2024ರ ಏಪ್ರಿಲ್ 30ರಿಂದ ಬಂದ ದರದಲ್ಲಿ ವಯಸ್ಕರಿಗೆ ತಲಾ 1,525 ಕೆನಡಿಯನ್ ಡಾಲರ್, ಮಗುವಿಗೆ 260. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 3,570. ಬೆರಳಚ್ಚಿಗೆ ಇಡೀ ಕುಟುಂಬಕ್ಕೆ ಗರಿಷ್ಠ 170. ಪರೀಕ್ಷೆ, ಇಸಿಎ, ಮೆಡಿಕಲ್ ಬೇರೆ. ಶುಲ್ಕವನ್ನ ಎರಡು ವರ್ಷಕ್ಕೊಮ್ಮೆ ಏರಿಸ್ತಾರೆ, ಕಟ್ಟೋ ಮುಂಚೆ ನೋಡಿಕೊಳ್ಳಿ.

ಇದಲ್ಲದೆ ಕೈಯಲ್ಲಿ ಹಣ ಇದೆ ಅಂತ ತೋರಿಸಬೇಕು. 2025ರ ಜುಲೈ ಲೆಕ್ಕದಲ್ಲಿ ಒಬ್ಬರಿಗೆ 15,263, ನಾಲ್ವರಿಗೆ 28,362 ಕೆನಡಿಯನ್ ಡಾಲರ್. ಇದು ಕಟ್ಟೋ ಹಣ ಅಲ್ಲ, ನಿಮ್ಮ ಖಾತೆಯಲ್ಲೇ ಇರುತ್ತೆ. ಸಾಲ ತಂದು ತೋರಿಸೋ ಹಾಗಿಲ್ಲ, ಮನೆಯ ಬೆಲೆಯೂ ಲೆಕ್ಕಕ್ಕೆ ಬರಲ್ಲ.

ಪಿಆರ್ ಬಂತು. ತಕ್ಷಣ ಹೋಗಲೇಬೇಕಾ?

ಪಿಆರ್ ಪತ್ರದಲ್ಲಿ ಬರೆದ ಕೊನೇ ದಿನದೊಳಗೆ ಒಮ್ಮೆ ಕೆನಡಾ ಒಳಗೆ ಹೋಗಿ "ಲ್ಯಾಂಡ್" ಆಗಲೇಬೇಕು. ಸಿಯಾಟಲ್ ಕಡೆಯವರು ಪೀಸ್ ಆರ್ಚ್, ಡೆಟ್ರಾಯಿಟ್‌ನವರು ಅಂಬಾಸಡರ್ ಬ್ರಿಡ್ಜ್ ದಾಟಿ ಕಾರಲ್ಲೇ ಹೋಗಿ ಬರ್ತಾರೆ. ಕೆನಡಾ ಪಿಆರ್ ಆದ ಮಾತ್ರಕ್ಕೆ ಎಚ್-1ಬಿ ರದ್ದಾಗಲ್ಲ. ಆದ್ರೆ ನಿಮ್ಮ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ವಾಪಸ್ ಬರೋಕೆ ಅಮೆರಿಕದ ವೀಸಾ ಸ್ಟಾಂಪ್ ಮಾನ್ಯವಾಗಿದೆಯಾ, ಐ-94 ಸರಿಯಿದೆಯಾ ಅಂತ ಹೊರಡೋ ಮುಂಚೆಯೇ ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ.

ಲ್ಯಾಂಡ್ ಆಗಿ ವಾಪಸ್ ಬಂದ್ರಿ ಅಂದ್ಕೊಳ್ಳಿ. ಗಡಿಯಾರ ಆಗಲೇ ಓಡ್ತಿರುತ್ತೆ. ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಅಂದ್ರೆ ಹೊರಗೆ ಕಳೆಯೋಕೆ ಇರೋದು ಸುಮಾರು ಮೂರು ವರ್ಷ. "ಕಾರ್ಡ್ ಜೇಬಲ್ಲಿರಲಿ, ಬೇಕಾದಾಗ ನೋಡೋಣ" ಅಂತ ನಾಲ್ಕು ವರ್ಷ ಕಳೆದ್ರೆ, ಬೇಕಾದಾಗ ಅದು ಕೈಯಲ್ಲಿ ಉಳಿಯೋ ಖಾತ್ರಿ ಇಲ್ಲ.

ಅಮೆರಿಕದಲ್ಲಿ ಬಿಟ್ಟು ಹೋಗೋದರ ಕಥೆ

ಗ್ರೀನ್ ಕಾರ್ಡ್ ಸಾಲಲ್ಲಿ ಹಿಡಿದ ಜಾಗ ಹೋಗುತ್ತಾ? ನಿಮ್ಮ ಐ-140 ಮಂಜೂರಾಗಿ 180 ದಿನ ದಾಟಿದ್ರೆ, ಕಂಪನಿ ಹಿಂದಕ್ಕೆ ತಗೊಂಡ್ರೂ ನಿಮ್ಮ ಪ್ರಯಾರಿಟಿ ಡೇಟ್ ಸಾಮಾನ್ಯವಾಗಿ ಉಳಿಯುತ್ತೆ. ಮುಂದೆ ಬೇರೆ ಕಂಪನಿ ಹೊಸ ಅರ್ಜಿ ಹಾಕಿದ್ರೆ ಹಳೇ ತಾರೀಕೇ ಹಿಡಿಸಬಹುದು. ಹಾಗಾಗಿ ಐ-140 ಆಗೋಕೆ ಎರಡು ತಿಂಗಳಿದೆ ಅಂದ್ರೆ ಕಾಯೋದು ಲಾಭ.

401ಕೆ ಹಣವನ್ನ ಆತುರದಲ್ಲಿ ಮುರಿಸಬೇಡಿ. ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದ್ರೆ ತೆರಿಗೆ ಜೊತೆ ಸಾಮಾನ್ಯವಾಗಿ ಶೇ 10 ದಂಡ. ಅಲ್ಲೇ ಬೆಳೆಯೋಕೆ ಬಿಡಬಹುದು.

ನಮ್ಮವರು ಕಡಿಮೆ ಗಮನಿಸೋ ವಿಷಯ ಸೋಷಿಯಲ್ ಸೆಕ್ಯುರಿಟಿ. ಪಿಂಚಣಿಗೆ 40 ಕ್ರೆಡಿಟ್, ಅಂದ್ರೆ ಸುಮಾರು ಹತ್ತು ವರ್ಷದ ಕೆಲಸ ಬೇಕು. ಆರು ವರ್ಷ ದುಡಿದು ಭಾರತಕ್ಕೆ ಬಂದ್ರೆ, ಎರಡು ದೇಶಗಳ ನಡುವೆ ಒಪ್ಪಂದ ಇಲ್ಲ, ಕಟ್ಟಿದ್ದು ಅಲ್ಲೇ ಉಳಿಯುತ್ತೆ. ಕೆನಡಾ ಮತ್ತು ಅಮೆರಿಕದ ನಡುವೆ 1984ರಿಂದ ಒಪ್ಪಂದ ಇದೆ. ಕೆನಡಾದಲ್ಲಿ ದುಡಿದ ವರ್ಷಗಳನ್ನೂ ಸೇರಿಸಿ ಅರ್ಹತೆ ಲೆಕ್ಕ ಹಾಕ್ತಾರೆ. ಸಿಗೋ ಮೊತ್ತ ಮಾತ್ರ ಅಮೆರಿಕದಲ್ಲಿ ದುಡಿದ ಪಾಲಿಗೆ ತಕ್ಕ ಹಾಗೆ.

ನಷ್ಟದ ಕಡೆಯನ್ನೂ ಹೇಳಬೇಕಲ್ಲ. ಒಂದೇ ಕೆಲಸಕ್ಕೆ ಕೆನಡಾದಲ್ಲಿ ಸಂಬಳ ಸಾಮಾನ್ಯವಾಗಿ ಕಡಿಮೆ, ಟೊರೊಂಟೊ, ವ್ಯಾಂಕೂವರ್‌ನಲ್ಲಿ ಮನೆ ದುಬಾರಿ. ಅಮೆರಿಕದ ಕ್ರೆಡಿಟ್ ಸ್ಕೋರ್ ತಾನಾಗೇ ಜೊತೆಗೆ ಬರಲ್ಲ.

ಕೊನೇ ಮಾತು

ನಿಮಗೆ ಮೂವತ್ತರೊಳಗೆ ಇದ್ದು ಒಂದು ಪರ್ಯಾಯ ಬೇಕು ಅಂದ್ರೆ, ಈ ವರ್ಷವೇ ಪರೀಕ್ಷೆ ಬರೆದು ಪ್ರೊಫೈಲ್ ಹಾಕಿ. ಆಹ್ವಾನ ಬಂದ್ರೂ ಹೋಗಲೇಬೇಕು ಅಂತೇನಿಲ್ಲ. ಮೂವತ್ತೈದು ದಾಟಿದ್ರೆ ಫ್ರೆಂಚ್, ಪ್ರಾಂತ್ಯ, ಕಂಪನಿ ವರ್ಗಾವಣೆ ಈ ಮೂರರಲ್ಲಿ ಒಂದನ್ನ ಗಟ್ಟಿಯಾಗಿ ಹಿಡಿಯಿರಿ. ಮಗುವಿಗೆ ಹದಿನಾರು, ಹದಿನೇಳು ಆಗಿದ್ರೆ ಸಂಬಳದ ಲೆಕ್ಕಕ್ಕಿಂತ ಮೊದಲು ಅದರ ಹುಟ್ಟಿದ ತಾರೀಕು ಬರೆದಿಟ್ಟು, ಅಲ್ಲಿಂದ ಹಿಂದಕ್ಕೆ ತಿಂಗಳು ಎಣಿಸಿ. ಆ ಕುಟುಂಬಕ್ಕೆ ದುಡ್ಡಿಗಿಂತ ಸಮಯವೇ ಕಡಿಮೆ ಇರೋದು.

ಸಲಹೆಗಾರರ ಹತ್ತಿರ ಹೋಗೋದಾದ್ರೆ ಅವರು ಕೆನಡಾದ ಲೈಸೆನ್ಸ್ ಇರೋ ಕನ್ಸಲ್ಟೆಂಟ್ ಅಥವಾ ವಕೀಲರಾ ಅಂತ ಅಧಿಕೃತ ಪಟ್ಟಿಯಲ್ಲಿ ಹೆಸರು ಹುಡುಕಿ. ಅಂಕವನ್ನ ಮಾತ್ರ ನೀವೇ ಹಾಕಿಕೊಳ್ಳಬಹುದು. ಸರ್ಕಾರದ ಸೈಟಲ್ಲೇ ಪುಕ್ಕಟೆ ಕ್ಯಾಲ್ಕುಲೇಟರ್ ಇದೆ, ಹತ್ತು ನಿಮಿಷ ಸಾಕು. ಇವತ್ತು ರಾತ್ರಿ ಊಟ ಆದ್ಮೇಲೆ ಇಬ್ಬರೂ ಕೂತು ಹಾಕಿ ನೋಡಿ. ಎಷ್ಟು ಬಂತು ಅಂತ ನನಗೂ ತಿಳಿಸಿ.