ಸೋರಿಯಾಸಿಸ್ ಚರ್ಮರೋಗಕ್ಕೆ ಸಸ್ಯಜನ್ಯ ಉಪಚಾರಗಳು: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ದೀರ್ಘಕಾಲದ ಚರ್ಮವ್ಯಾಧಿಗೆ ಗಿಡಮೂಲಿಕೆಯ ಔಷಧಿಯನ್ನೇ ಬಯಸುವ ನಾಗರಿಕರು ಬಹುಮಂದಿ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಹಾಲು, ತುಪ್ಪ, ಜೇನುತುಪ್ಪ ಮೊದಲ್ಗೊಂಡು ಪ್ರಾಣಿಜನ್ಯವಾದ ಯಾವ ಪದಾರ್ಥವೂ ತಮಗೆ ಬೇಡವೆನ್ನುವ ವೀಗನ್ ಪದ್ಧತಿಯವರೂ ಇವರೊಡನೆ ಸೇರಿದ್ದಾರೆ. ಸರ್ಕಾರಿ ಆಸ್ಪತ್ರೆ ಹಾಗೂ ಆಯುಷ್ ಚಿಕಿತ್ಸಾಲಯಗಳ ಸೇವೆಯನ್ನು ಪಡೆಯಬಯಸುವ ಇಂತಹವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ರೋಗದ ಸ್ವರೂಪ

ಆರೋಗ್ಯವಂತರಲ್ಲಿ ಚರ್ಮದ ಹೊರಪದರವು ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸೋರಿಯಾಸಿಸ್ ಇರುವವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ತಪ್ಪು ಸೂಚನೆ ನೀಡುವುದರಿಂದ ಇದೇ ಕೆಲಸ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಉದುರಬೇಕಾದ ಪದರ ಉದುರುವ ಮೊದಲೇ ಹೊಸದು ಬಂದು ಒಂದರ ಮೇಲೊಂದು ಸೇರಿ, ಕೆಂಪು ತಳದ ಮೇಲೆ ಬೆಳ್ಳಗಿನ ಹೊಟ್ಟು ಕಟ್ಟುತ್ತದೆ. ಮೊಣಕೈ, ಮೊಣಕಾಲು, ನೆತ್ತಿ ಹಾಗೂ ಸೊಂಟದ ಹಿಂಭಾಗದಲ್ಲಿ ಇದು ಹೆಚ್ಚು. ಉಗುರುಗಳಲ್ಲಿ ಸಣ್ಣ ಕುಳಿಗಳು ಬೀಳುವುದೂ ಉಂಟು. ಇದು ಅಂಟುರೋಗವಲ್ಲ. ಒಂದೇ ಟವೆಲು, ಒಂದೇ ತಟ್ಟೆ, ಒಂದೇ ಹಾಸಿಗೆ ಬಳಸಿದರೂ ಹರಡುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ರೋಗಿಯನ್ನು ದೂರ ಕೂರಿಸುವುದಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಲಾಗಿದೆ.

ಈ ರೋಗವನ್ನು ಶಾಶ್ವತವಾಗಿ ನಿರ್ಮೂಲ ಮಾಡುವ ಔಷಧಿ ಇಂದಿಗೂ ಯಾವ ಪದ್ಧತಿಯಲ್ಲಿಯೂ ಇಲ್ಲ. ಹತೋಟಿಯಲ್ಲಿಡುವ ಚಿಕಿತ್ಸೆಗಳು ಮಾತ್ರ ಸಾಕಷ್ಟು ಇವೆ. ವರ್ಷಗಟ್ಟಲೆ ಅಡಗಿದ್ದು ಮತ್ತೆ ಕಾಣಿಸಿಕೊಳ್ಳುವುದು ಇದರ ಸ್ವಭಾವವಾದುದರಿಂದ, ತಾನಾಗಿ ಅಡಗಿದ ಸಮಯದಲ್ಲಿ ಯಾವ ಎಣ್ಣೆ ಹಚ್ಚಿದ್ದರೋ ಆ ಎಣ್ಣೆಗೆ ಕೀರ್ತಿ ಬರುವುದು ಸಹಜ.

ಮಲೆನಾಡಿನ ಹವೆ ಹಾಗೂ ಕೆಲಸ ಎರಡೂ ಈ ರೋಗಕ್ಕೆ ಸಂಬಂಧಿಸಿವೆ. ಮಿತವಾದ ಬಿಸಿಲು ಸೋರಿಯಾಸಿಸ್‌ಗೆ ಹಿತಕರ. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಇಂತಹ ಸೀಮೆಯಲ್ಲಿ ಆಷಾಢ, ಶ್ರಾವಣಗಳಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಮಳೆಗಾಲ ಮುಗಿದು ಚಳಿ ಬಿದ್ದೊಡನೆ ಚರ್ಮ ಒಣಗಿ ಒಡೆಯತೊಡಗುತ್ತದೆ, ಅದೇ ಸಮಯಕ್ಕೆ ಅಡಿಕೆ ಸುಲಿಯುವ ಕಾಲವೂ ಬರುತ್ತದೆ. ಚರ್ಮಕ್ಕೆ ಪೆಟ್ಟು, ಗೀರು, ಉಜ್ಜುವಿಕೆ ಆದ ಜಾಗದಲ್ಲಿಯೇ ಹೊಸ ಮಚ್ಚೆ ಏಳುವುದು ಈ ರೋಗದ ಲಕ್ಷಣವಾಗಿರುವುದರಿಂದ, ಅಡಿಕೆ ಸುಲಿಯುವವರು ಮತ್ತು ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಕೈಗವಸು ಧರಿಸುವುದು ಎಷ್ಟೋ ಔಷಧಿಗಳಿಗಿಂತ ಮೇಲು.

ಮೊದಲು ರೋಗ ಯಾವುದೆಂದು ತಿಳಿಯುವುದು

ಮಚ್ಚೆ ಎಂದೊಡನೆ ಔಷಧಿ ಹುಡುಕುವುದು ಸರಿಯಾದ ಕ್ರಮವಲ್ಲ. ಗಜಕರ್ಣ, ಇಸಬು, ಚಿಬ್ಬು, ಸೋರಿಯಾಸಿಸ್ ಇವು ನೋಟಕ್ಕೆ ಒಂದನ್ನೊಂದು ಹೋಲಬಹುದು. ಸೀಮೆ ಅಗಸೆಯ ಎಲೆಯ ರಸವನ್ನು ಗಜಕರ್ಣಕ್ಕೆ ಹಚ್ಚುವ ರೂಢಿ ಹಳೆಯದು, ಆ ಎಲೆಗೆ ಶಿಲೀಂಧ್ರವನ್ನು ತಡೆಯುವ ಗುಣವೂ ಇದೆ. ಆದರೆ ಸೋರಿಯಾಸಿಸ್ ಶಿಲೀಂಧ್ರದಿಂದ ಬರುವ ರೋಗವಲ್ಲವಾದ್ದರಿಂದ ಅದೇ ರಸ ಇಲ್ಲಿ ಉರಿಯನ್ನಷ್ಟೇ ತಂದೀತು.

ಇದಕ್ಕಿಂತ ಗಂಭೀರವಾದುದು ಕುಷ್ಠರೋಗದ ವಿಷಯ. ಮಚ್ಚೆಯ ಬಣ್ಣ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿದ್ದು ಅಥವಾ ಕೆಂಪಾಗಿದ್ದು, ಅಲ್ಲಿ ಮುಟ್ಟಿದರೆ, ಬಿಸಿ ತಾಗಿದರೆ ತಿಳಿಯದಿದ್ದಲ್ಲಿ ಒಂದು ದಿನವೂ ಮನೆಮದ್ದಿನಲ್ಲಿ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯನ್ನು ಹಿಂದೆ ಈ ರೋಗಕ್ಕೆ ಬಳಸುತ್ತಿದ್ದರು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬರುವವರೆಗೆ ಅದಕ್ಕಿಂತ ಉತ್ತಮವಾದುದು ಪಾಶ್ಚಾತ್ಯ ವೈದ್ಯರ ಬಳಿಯೂ ಇರಲಿಲ್ಲ. ಈಗ ಬಹು ಔಷಧಿ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದ್ದು, ರೋಗದ ವಿಧವನ್ನು ಅನುಸರಿಸಿ 6 ಅಥವಾ 12 ತಿಂಗಳಲ್ಲಿ ಇದು ಗುಣವಾಗುತ್ತದೆ. ತಡಮಾಡಿದರೆ ರೋಗ ವಾಸಿಯಾದರೂ ನರಗಳಿಗೆ ಆದ ಹಾನಿ ಹಿಂದಿರುಗುವುದಿಲ್ಲ, ಬೆರಳುಗಳು ಮಡಚಿಯೇ ಉಳಿಯುತ್ತವೆ. ಎಣ್ಣೆ ಹಚ್ಚುತ್ತಾ ಕಳೆದ ಒಂದು ವರ್ಷದ ನಿಜವಾದ ಬೆಲೆ ಇದು, ಎಣ್ಣೆಗೆ ಕೊಟ್ಟ ಹಣವಲ್ಲ.

ಈ ಭಾಗದ ಸಸ್ಯಗಳು ಮತ್ತು ಅವುಗಳ ಮಿತಿ

ಪಾರಂಪರಿಕ ವೈದ್ಯಕ್ಕೆ ಈ ತಾಲ್ಲೂಕುಗಳು ಹೆಸರಾಗಿವೆ. ಸಾಗರ ತಾಲ್ಲೂಕಿನ ಆನಂದಪುರ ಸಮೀಪದ ನರಸೀಪುರದಲ್ಲಿ 2020ರಲ್ಲಿ ನಿಧನರಾದ ವೈದ್ಯ ನಾರಾಯಣಮೂರ್ತಿಯವರ ಬಳಿಗೆ, ಚರ್ಮರೋಗಕ್ಕಲ್ಲದಿದ್ದರೂ ಬೇರೆ ಕಾಯಿಲೆಗಳಿಗಾಗಿ, ಹೊರರಾಜ್ಯಗಳಿಂದಲೂ ಜನರು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಸಾಗರ ತಾಲ್ಲೂಕಿನ ಗಿಡಮೂಲಿಕೆ ಜ್ಞಾನವನ್ನು ದಾಖಲಿಸಿ 2010ರಲ್ಲಿ ಪ್ರಕಟಿಸಿದ್ದಾರೆ. ಒಂದು ಗಿಡವನ್ನು ಇಂತಹ ರೋಗಕ್ಕೆ ಬಳಸುತ್ತಾರೆಂದು ದಾಖಲಾಗುವುದು ಬೇರೆ, ಅದರಿಂದ ರೋಗ ಗುಣವಾಗುತ್ತದೆಂದು ಪರೀಕ್ಷೆಯಿಂದ ಸಿದ್ಧವಾಗುವುದು ಬೇರೆ ಎಂಬುದನ್ನು ಓದುಗರು ಗಮನಿಸಬೇಕು.

ಸೋರಿಯಾಸಿಸ್‌ನಲ್ಲಿ ಚರ್ಮವನ್ನು ಮೆದುವಾಗಿಡುವುದು ಅರ್ಧ ಚಿಕಿತ್ಸೆ. ಈ ಕೆಲಸಕ್ಕೆ ಮಲೆನಾಡಿನಲ್ಲಿ ದೊರೆಯುವ ಅತ್ಯುತ್ತಮ ಸಸ್ಯಜನ್ಯ ಪದಾರ್ಥವೆಂದರೆ ಮುರುಗಲ ಬೀಜದ ತುಪ್ಪ. ಹಣ್ಣಿನ ಸಿಪ್ಪೆಯನ್ನು ಸಾರಿಗೆ, ಪಾನಕಕ್ಕೆ ಒಣಗಿಸಿಟ್ಟುಕೊಂಡ ಮೇಲೆ ಉಳಿಯುವ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟುತ್ತಾರೆ. ಇದು ಸಾಮಾನ್ಯ ಹವೆಯಲ್ಲಿ ಗಟ್ಟಿಯಾಗಿದ್ದು ಮೈಯ ಬಿಸಿಗೆ ಮೆತ್ತಗಾಗುತ್ತದೆ. ಹಿಮ್ಮಡಿ ಒಡೆತಕ್ಕೆ ಅಜ್ಜಿಯಂದಿರು ಹಚ್ಚುತ್ತಿದ್ದುದು ಇದನ್ನೇ. ಸ್ನಾನ ಮಾಡಿ ಮೈ ಒರೆಸಿದ ಕೂಡಲೇ, ತೇವ ಪೂರ್ತಿ ಆರುವ ಮೊದಲು ಹಚ್ಚಿದರೆ ನೀರಿನಂಶ ಚರ್ಮದಲ್ಲಿಯೇ ಉಳಿದು ಹೊಟ್ಟು ಮೆದುವಾಗುತ್ತದೆ, ತುರಿಕೆಯೂ ಕಡಿಮೆಯಾಗುತ್ತದೆ. ಕೊಬ್ಬರಿ ಎಣ್ಣೆಯಿಂದಲೂ ಈ ಉಪಯೋಗವಿದೆ. ಹೊಟ್ಟನ್ನು ಉಗುರಿನಿಂದ ಕೆರೆದು ತೆಗೆಯಬಾರದು. ಲೋಳೆಸರದ ತಿಳಿಲೋಳೆ ಕೆಲವರಿಗೆ ತಂಪು ನೀಡುತ್ತದೆ, ಆದರೆ ಅದರ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶಗಳು ಒಂದೇ ರೀತಿಯಾಗಿಲ್ಲ. ಹೊಂಗೆ ಮತ್ತು ಬೇವಿನ ಎಣ್ಣೆಗಳು ಹೊರಬಳಕೆಗೆ ಮಾತ್ರ. ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸಿದರೆ ಪ್ರಾಣಕ್ಕೇ ಅಪಾಯ.

ಬೆಪ್ಪಾಲೆಯ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಸಿಲಿನಲ್ಲಿಟ್ಟು ತಯಾರಿಸುವ ತೈಲವನ್ನು ಸಿದ್ಧ ವೈದ್ಯ ಪದ್ಧತಿಯಲ್ಲಿ ಸೋರಿಯಾಸಿಸ್‌ಗೆಂದೇ ಬಳಸಲಾಗುತ್ತಿದೆ. ಇದರಲ್ಲಿ ಪ್ರಾಣಿಜನ್ಯ ಅಂಶವಿಲ್ಲ. ಆದರೆ ಬೆಪ್ಪಾಲೆ ಮತ್ತು ಕೊಡಸಿಗೆ ನೋಡಲು ಹತ್ತಿರದ ಗಿಡಗಳಾಗಿದ್ದು ಒಂದರ ಬದಲು ಇನ್ನೊಂದು ಬಳಕೆಯಾಗುವುದುಂಟು. ಕಾಡಿನಿಂದ ತಾವೇ ಕಿತ್ತು ತರುವುದಕ್ಕಿಂತ ವೈದ್ಯರು ಬರೆದುಕೊಟ್ಟ ತಯಾರಿಕೆಯನ್ನು ಬಳಸುವುದು ಕ್ಷೇಮ. ಅಲ್ಲದೆ ಶರಾವತಿ ಕಣಿವೆಯಂತಹ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ತೊಗಟೆ, ಬೇರು ತೆಗೆಯುವುದು ಕಾನೂನಿನಂತೆ ಅಪರಾಧ.

ಪ್ರಕೃತಿಯಿಂದ ಬಂದುದೆಲ್ಲವೂ ನಿರಪಾಯಕಾರಿಯೆಂಬ ನಂಬಿಕೆಗೆ ಮಲೆನಾಡಿಗರಿಂದ ಉತ್ತರ ಬೇಕಿಲ್ಲ. ಹೊಲಗೇರು ಮರದ ಸೊನೆ ತಾಗಿ ಮುಖ ಊದಿಕೊಂಡವರನ್ನು ಕಂಡವರೇ ಎಲ್ಲರೂ. ಗುಡ್ಡೆಗೇರಿನ ಸೊನೆ, ಚಿತ್ರಮೂಲದ ಬೇರಿನ ಲೇಪ ಇವೂ ಚರ್ಮವನ್ನು ಸುಡುತ್ತವೆ. ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ. ಇದರಲ್ಲಿರುವ ಸೋರಾಲೆನ್ ಎಂಬ ಅಂಶವನ್ನೇ ಆಸ್ಪತ್ರೆಗಳಲ್ಲಿ ನಿಗದಿತ ಪ್ರಮಾಣದ ಬೆಳಕಿನೊಡನೆ ಚಿಕಿತ್ಸೆಗೆ ಬಳಸುತ್ತಾರೆ. ಅಲ್ಲಿ ಅಳತೆ ಇದೆ, ಮನೆಯಲ್ಲಿ ಇಲ್ಲ. ಯಾವುದೇ ಹೊಸ ಲೇಪವನ್ನು ಮೊದಲು ಮುಂಗೈ ಒಳಭಾಗದಲ್ಲಿ ಕಾಸಿನಗಲ ಹಚ್ಚಿ ಎರಡು ದಿನ ನೋಡತಕ್ಕದ್ದು.

ಪ್ರಾಣಿಜನ್ಯ ಪದಾರ್ಥ ಬೇಡವೆನ್ನುವವರ ಗಮನಕ್ಕೆ

ಹೆಸರನ್ನು ನೋಡಿ ನಿರ್ಧರಿಸಬಾರದು. ಮುರುಗಲ ತುಪ್ಪ, ಉಪ್ಪಾಗೆ ತುಪ್ಪ ಇವು ತುಪ್ಪವೆಂದು ಕರೆಯಲ್ಪಟ್ಟರೂ ಹಾಲಿಗೂ ಅವಕ್ಕೂ ಸಂಬಂಧವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ತೈಲವೆಂಬ ಹೆಸರಿನವುಗಳಲ್ಲಿ ಕೆಲವನ್ನು ಹಾಲಿನಲ್ಲಿ ಕಾಯಿಸಿರುತ್ತಾರೆ, ಕ್ಷೀರಬಲಾ ತೈಲ ಇದಕ್ಕೆ ಉದಾಹರಣೆ. ಚರ್ಮರೋಗಕ್ಕೆ ಆಯುರ್ವೇದದಲ್ಲಿ ಹೆಚ್ಚಾಗಿ ಕೊಡುವ ಮಹಾತಿಕ್ತಕ ಘೃತ, ಪಂಚತಿಕ್ತ ಘೃತ ಗುಗ್ಗುಳು ಇವುಗಳಲ್ಲಿ ಹಸುವಿನ ತುಪ್ಪವಿದೆ. ಲೇಹ್ಯಗಳಲ್ಲಿ ತುಪ್ಪ ಮತ್ತು ಜೇನು, ಮುಲಾಮುಗಳಲ್ಲಿ ಜೇನುಮೇಣ ಅಥವಾ ಕುರಿಯ ಉಣ್ಣೆಯ ಜಿಡ್ಡು, ಕ್ಯಾಪ್ಸೂಲಿನ ಹೊರಕವಚದಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜಿಲೆಟಿನ್ ಇರಬಹುದು. ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಹಾಲು, ಜೇನು ಇಲ್ಲವೆಂದು ಹೇಳುವುದಿಲ್ಲ. ಆದುದರಿಂದ ತಮ್ಮ ಪದ್ಧತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿದಲ್ಲಿ ಕಷಾಯ, ಚೂರ್ಣ ಅಥವಾ ಬರಿಯ ಎಣ್ಣೆಯ ಆಧಾರದ ಔಷಧಿಯನ್ನು ಬರೆದುಕೊಡಲು ಅವರಿಗೆ ಅನುಕೂಲವಾಗುವುದು.

ಪಥ್ಯದ ಬಗ್ಗೆ ಎರಡು ಮಾತು. ಬದನೆ, ಹಲಸು, ಮೀನು ಇತ್ಯಾದಿ ನಂಜಿನ ಪದಾರ್ಥಗಳೆಂದು ನಮ್ಮ ಕಡೆ ಬಿಡಿಸುವ ವಾಡಿಕೆ ಇದೆ. ಯಾವುದಾದರೂ ಪದಾರ್ಥ ತಿಂದಾಗಲೆಲ್ಲ ರೋಗ ಹೆಚ್ಚುವುದು ಅನುಭವಕ್ಕೆ ಬಂದರೆ ಬಿಡಬಹುದು, ಎಲ್ಲರೂ ಬಿಡಬೇಕೆಂಬುದಕ್ಕೆ ಆಧಾರವಿಲ್ಲ. ದೇಹದ ತೂಕ ಹೆಚ್ಚಿದ್ದವರು ಇಳಿಸಿಕೊಂಡರೆ, ಮದ್ಯ ಮತ್ತು ಧೂಮಪಾನ ಬಿಟ್ಟರೆ ಪ್ರಯೋಜನವಾಗುವುದು ಮಾತ್ರ ಖಚಿತ. ಹಾಲು, ಮೊಸರು, ಮಜ್ಜಿಗೆಯನ್ನು ಪೂರ್ತಿ ಬಿಟ್ಟವರಿಗೆ ಬಿ12 ಜೀವಸತ್ವದ ಕೊರತೆಯಾಗುವ ಸಂಭವವಿದೆ. ಒಂದೆಲಗದ ತಂಬುಳಿಯನ್ನು ಮಜ್ಜಿಗೆಯ ಬದಲು ತೆಂಗಿನಕಾಯಿ ಹಾಲಿನಲ್ಲಿ ಮಾಡಿಕೊಳ್ಳಬಹುದಾದರೂ ಬಿ12 ಅದರಿಂದ ಬರುವುದಿಲ್ಲ, ಮಾತ್ರೆಯನ್ನೇ ತೆಗೆದುಕೊಳ್ಳಬೇಕಾಗುತ್ತದೆ.

ಸ್ಟೀರಾಯ್ಡ್ ಬೆರೆತ ಔಷಧಿಗಳು

ಸಾರ್ವಜನಿಕರು ಅತ್ಯಂತ ಎಚ್ಚರಿಕೆಯಿಂದ ಇರಬೇಕಾದ ವಿಷಯವಿದು. ಗಿಡಮೂಲಿಕೆಯೆಂದು ಮಾರಲಾಗುವ ಕೆಲವು ಪುಡಿ, ಮುಲಾಮುಗಳಲ್ಲಿ ತಿಳಿಸದೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ವರ್ಷಗಳ ಮಚ್ಚೆ ಒಂದು ವಾರದಲ್ಲಿ ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಔಷಧಿ ನಿಂತೊಡನೆ ರೋಗವು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ಕೆಲವರಲ್ಲಿ ಮೈಯೆಲ್ಲ ಕೆಂಪಾಗಿ, ಚರ್ಮ ಸುಲಿದು, ಚಳಿ ನಡುಕ ಬಂದು ತುರ್ತು ಸ್ಥಿತಿ ಉಂಟಾಗುತ್ತದೆ. ಹೀಗಾದಲ್ಲಿ 108 ಆಂಬುಲೆನ್ಸ್‌ಗೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ದಾಖಲಾಗತಕ್ಕದ್ದು. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಕೇಂದ್ರ ಸರ್ಕಾರವು 2018ರಲ್ಲಿ ಆದೇಶಿಸಿದೆ.

ತೊನ್ನು, ಕುಷ್ಠ ಮುಂತಾದ ರೋಗಗಳನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು ನಿಷೇಧಿಸಿದೆ. ಆಯುರ್ವೇದ ಔಷಧಿಯ ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ ಮತ್ತು ಒಳಗಿರುವ ದ್ರವ್ಯಗಳ ಪಟ್ಟಿ ಇರಲೇಬೇಕು. ಇವಾವುವೂ ಇಲ್ಲದ ಬಿಳಿ ಡಬ್ಬಿಯನ್ನು ಅಂಚೆಯಲ್ಲಿ ತರಿಸಿಕೊಳ್ಳುವವರು ರಸೀದಿಯಿಲ್ಲದೆ ಹಣ ಕೊಟ್ಟಂತೆ. ಲೆಕ್ಕಪತ್ರ ಓದಿದವನಿಗೆ ಇದಕ್ಕಿಂತ ಬೇರೆ ಹೋಲಿಕೆ ತೋಚುವುದಿಲ್ಲ. ಸಂಶಯವಿದ್ದಲ್ಲಿ ಡಬ್ಬಿಯನ್ನು ಎಸೆಯದೆ ಜಿಲ್ಲಾ ಆಯುಷ್ ಅಧಿಕಾರಿಯವರಿಗೆ ಲಿಖಿತ ದೂರು ಸಲ್ಲಿಸಬಹುದು.

ಆಸ್ಪತ್ರೆಯ ಔಷಧಿಯನ್ನು ಸೇವಿಸುತ್ತಿರುವವರು ಗಿಡಮೂಲಿಕೆ ಆರಂಭಿಸಿದೆನೆಂದು ಅದನ್ನು ಹಠಾತ್ತನೆ ನಿಲ್ಲಿಸಬಾರದು. ಮೆಥೋಟ್ರೆಕ್ಸೇಟ್ ಮಾತ್ರೆ ಸೇವಿಸುವವರು ಅಮೃತಬಳ್ಳಿ ಸೇರಿದಂತೆ ಯಾವುದೇ ಕಷಾಯವನ್ನು ವೈದ್ಯರಿಗೆ ತಿಳಿಸದೆ ಕುಡಿಯಬಾರದು, ಎರಡರ ಭಾರವೂ ಯಕೃತ್ತಿನ ಮೇಲೆ ಬೀಳಬಹುದು. ನಾಗನಿಗೆ ಹರಕೆ ಹೊತ್ತವರು ಹರಕೆಯನ್ನು ಸಲ್ಲಿಸಲಿ, ಮಾತ್ರೆಯನ್ನೂ ಮುಂದುವರಿಸಲಿ.

ಸೇವೆ ಪಡೆಯುವ ಬಗೆ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ರೋಗನಿರ್ಣಯ ಮಾಡಿಸಿಕೊಳ್ಳತಕ್ಕದ್ದು. ಅಗತ್ಯವಿದ್ದಲ್ಲಿ ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳುಹಿಸಲಾಗುವುದು. ಆಯುರ್ವೇದ ಚಿಕಿತ್ಸೆ ಬಯಸುವವರು ರೋಗನಿರ್ಣಯದ ಚೀಟಿಯೊಡನೆ ಸರ್ಕಾರಿ ಆಯುಷ್ ಚಿಕಿತ್ಸಾಲಯಕ್ಕೆ ಹೋಗಬಹುದು. ಚರ್ಮದ ಮಚ್ಚೆಗಳೊಡನೆ ಬೆರಳು, ಮೊಣಕಾಲು ಅಥವಾ ಹಿಮ್ಮಡಿಯ ಕೀಲುಗಳಲ್ಲಿ ಬೆಳಗಿನ ಹೊತ್ತು ಬಿಗಿತ, ನೋವು ಇದ್ದಲ್ಲಿ ಅದನ್ನು ಮರೆಯದೆ ತಿಳಿಸಬೇಕು. ಸೋರಿಯಾಸಿಸ್ ಇರುವ ಕೆಲವರಲ್ಲಿ ಕೀಲುಗಳೂ ಹಾಳಾಗುತ್ತವೆ, ಇದಕ್ಕೆ ಎಣ್ಣೆಯಿಂದ ಪರಿಹಾರವಿಲ್ಲ.

ಬರುವಾಗ ಆಧಾರ್ ಚೀಟಿ ಮತ್ತು ಪಡಿತರ ಚೀಟಿ, ಹಿಂದಿನ ಎಲ್ಲ ಔಷಧ ಚೀಟಿಗಳು, ಈಗ ಸೇವಿಸುತ್ತಿರುವ ರಕ್ತದೊತ್ತಡ ಮತ್ತಿತರ ಮಾತ್ರೆಗಳು (ಇವುಗಳಲ್ಲಿ ಕೆಲವು ಸೋರಿಯಾಸಿಸನ್ನು ಹೆಚ್ಚಿಸುತ್ತವೆ), ಹಾಗೂ ಇದುವರೆಗೆ ಬಳಸಿದ ನಾಟಿ ಔಷಧಿಯ ಉಳಿದ ಭಾಗ ಅಥವಾ ಎಲೆ, ತೊಗಟೆಯ ತುಂಡನ್ನು ತರತಕ್ಕದ್ದು. ನಾಟಿ ಔಷಧಿ ಬಳಸಿದ್ದನ್ನು ವೈದ್ಯರ ಎದುರು ಹೇಳಲು ಸಂಕೋಚಪಡುವ ಅಗತ್ಯವಿಲ್ಲ. ತಪಾಸಣೆಯ ದಿನ ಮಚ್ಚೆಗಳ ಮೇಲೆ ಎಣ್ಣೆ, ಅರಿಸಿನ ಅಥವಾ ಲೇಪ ಹಚ್ಚಿಕೊಂಡು ಬರಬಾರದೆಂದು ಕೋರಲಾಗಿದೆ.