ಕಾರ್ನಿಯ ಆರ್ಚಿ ಸ್ಟಾರ್ಕ್: 67 ಗೋಲುಗಳ ಹಿಂದಿನ ಕಥೆ

ಕ್ರ್ಯಾನ್‌ಬರಿಯ ಬಳಿ ಟರ್ನ್‌ಪೈಕ್ ಹತ್ತಿ ಉತ್ತರಕ್ಕೆ ಹೊರಟರೆ, ವಾಹನ ದಟ್ಟಣೆ ಇಲ್ಲದಿದ್ದಲ್ಲಿ ಒಂದು ಗಂಟೆಯೊಳಗೆ ಕಾರ್ನಿ ಸಿಗುತ್ತದೆ. ಶನಿವಾರ ಬೆಳಿಗ್ಗೆ ನಮ್ಮ ಮಕ್ಕಳನ್ನು ಮೈದಾನಕ್ಕೆ ಎಳೆಯುವ ಸಾಕರ್ ಈ ರಾಜ್ಯದಲ್ಲಿ ಬೇರುಬಿಟ್ಟ ಊರುಗಳಲ್ಲಿ ಇದು ಮುಖ್ಯವಾದುದು. ಆ ಬೇರು ತಂದವರೂ ನಮ್ಮಂತೆ ವಲಸೆ ಬಂದವರೇ.

ಸ್ಕಾಟ್ಲೆಂಡಿನ ಪೇಸ್ಲಿಯ ಕ್ಲಾರ್ಕ್ ಮನೆತನ 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಹೊಲಿಗೆ ದಾರದ ಗಿರಣಿ ನಡೆಸಿತು. ಬಳಿಕ ನೈರ್ನ್ ಕಂಪನಿಯ ಲಿನೋಲಿಯಂ ಕಾರ್ಖಾನೆ ಬಂತು. ಕೆಲಸಗಾರರ ಜೊತೆ ಅವರ ಆಟವೂ ಬಂತು. ದಾರದ ಗಿರಣಿಯ ಓ.ಎನ್.ಟಿ. ತಂಡ 1885ರಿಂದ ಸತತ ಮೂರು ವರ್ಷ ಅಮೆರಿಕನ್ ಕಪ್ ಗೆದ್ದಿತು.

ಆರ್ಚಿ ಸ್ಟಾರ್ಕ್ ಹುಟ್ಟಿದ್ದು 1897ರಲ್ಲಿ, ಗ್ಲಾಸ್ಗೋದಲ್ಲಿ. ಬಾಲ್ಯದಲ್ಲೇ ಕುಟುಂಬದೊಡನೆ ಕಾರ್ನಿಗೆ ಬಂದವರು ಹದಿಹರೆಯದಲ್ಲೇ ಊರಿನ ಸ್ಕಾಟಿಷ್ ತಂಡ ಸೇರಿದರು. 1915ರ ಅಮೆರಿಕನ್ ಕಪ್ ಫೈನಲ್‌ನಲ್ಲಿ ಬ್ರೂಕ್ಲಿನ್ ಸೆಲ್ಟಿಕ್ ವಿರುದ್ಧ ಗೆಲುವಿನ ಗೋಲು ಅವರದೇ. ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು, ಮರಳಿದ ಮೇಲೆ ನ್ಯೂಯಾರ್ಕ್ ತಂಡದಲ್ಲಿ ಆಡಿದರು. 1924ರಲ್ಲಿ ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಯ ತಂಡವಾದ ಬೆತ್ಲೆಹೆಮ್ ಸ್ಟೀಲ್ ಅವರನ್ನು ಕರೆಸಿಕೊಂಡು, ಅಂಚಿನಲ್ಲಿ ಆಡುತ್ತಿದ್ದವರನ್ನು ಮುಂಪಡೆಯ ನಡುವಿಗೆ ತಂದಿತು. 1924–25ರ ಆ ಒಂದೇ ಲೀಗ್ ಋತುವಿನಲ್ಲಿ ಅವರು ಹೊಡೆದದ್ದು 67 ಗೋಲು.

ವೈದ್ಯನಾದವನು ಯಾವ ಅಂಕಿಯನ್ನೂ ಅದರ ಸಂದರ್ಭ ಬಿಟ್ಟು ಓದಬಾರದು. ಆಗಿನ ಆಫ್‌ಸೈಡ್ ನಿಯಮದ ಪ್ರಕಾರ, ಚೆಂಡಿಗಿಂತ ಮುಂದೆ ನಿಂತು ಪಾಸ್ ಪಡೆಯುವವನಿಗೂ ಗೋಲು ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕಿತ್ತು. 1925ರ ಜೂನ್‌ನಲ್ಲಿ ಅದನ್ನು ಇಬ್ಬರಿಗೆ ಇಳಿಸಿದ ಮೇಲೆ ಗೋಲು ಹೊಡೆಯುವುದು ಸುಲಭವಾಯಿತು. ಇಂಗ್ಲೆಂಡಿನ ಡಿಕ್ಸಿ ಡೀನ್ 1927–28ರಲ್ಲಿ ಮಾಡಿದ 60 ಗೋಲುಗಳ ಪ್ರಸಿದ್ಧ ದಾಖಲೆ ಈ ಹೊಸ ನಿಯಮದಡಿಯದು. ಸ್ಟಾರ್ಕ್ ಅವರದು ಹಳೆಯ ನಿಯಮದಡಿಯದು. ಎರಡು ಲೀಗುಗಳ ಮಟ್ಟ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಡೀನ್ ಹೆಸರು ಉಳಿದು ಸ್ಟಾರ್ಕ್ ಹೆಸರು ಮಾಸಿದ್ದೇಕೆ?

ಒಂದು ಕಾರಣ 1930. ಆ ವರ್ಷ ಬೆತ್ಲೆಹೆಮ್ ತಂಡ ಮುಚ್ಚಿತು. ಆರ್ಥಿಕ ಕುಸಿತ ದೇಶವನ್ನು ಆವರಿಸಿತ್ತು. ಅದೇ ಬೇಸಿಗೆಯಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್. ಅಮೆರಿಕ ತಂಡದ ಆಹ್ವಾನ ಸ್ಟಾರ್ಕ್ ಅವರಿಗೂ ಬಂದಿತ್ತು. ಆಗಷ್ಟೇ ಮೋಟಾರು ವ್ಯವಹಾರಕ್ಕೆ ಕೈಹಾಕಿದ್ದ ಅವರು ಹೋಗಲಿಲ್ಲ. ಅವರಿಲ್ಲದೆಯೇ ತಂಡ ಸೆಮಿಫೈನಲ್ ತಲುಪಿತು.

ಈ ನಿರ್ಧಾರವನ್ನು ನಮ್ಮ ಪೀಳಿಗೆ ಚೆನ್ನಾಗಿ ಬಲ್ಲದು. ಪರದೇಶದಲ್ಲಿ ಕಾಲೂರಲು ಹೊರಟಾಗ ಎಷ್ಟೋ ಮಂದಿ ರಾಕೆಟ್ಟನ್ನೋ ವೀಣೆಯನ್ನೋ ಬದಿಗಿಟ್ಟೆವು. ಅದು ತಪ್ಪಲ್ಲ; ಆದರೆ ಅದಕ್ಕೊಂದು ಬೆಲೆಯಿದೆ ಎಂಬುದು ಮಕ್ಕಳಿಗೂ ತಿಳಿದಿರಲಿ.

ಸ್ಟಾರ್ಕ್ 1950ರಲ್ಲಿ ರಾಷ್ಟ್ರೀಯ ಸಾಕರ್ ಕೀರ್ತಿಶಾಲೆಗೆ ಆಯ್ಕೆಯಾದರು. 1985ರಲ್ಲಿ ಕಾರ್ನಿಯಲ್ಲೇ ತೀರಿಕೊಂಡರು. ಐದು ವರ್ಷಗಳ ಬಳಿಕ, 1990ರ ವಿಶ್ವಕಪ್‌ನಲ್ಲಿ ಅಮೆರಿಕದ ಪರ ಅದೇ ಊರಿನಲ್ಲಿ ಆಟ ಕಲಿತ ಮೂವರು ಆಡಿದರು: ಜಾನ್ ಹಾರ್ಕ್ಸ್, ಟೋನಿ ಮಿಯೋಲಾ, ಟ್ಯಾಬ್ ರಾಮೋಸ್. ಮೂವರೂ ವಲಸಿಗರ ಮನೆಯ ಮಕ್ಕಳು.